ಗಾಳಿ ತುಂಬುವಷ್ಟು ಹೊತ್ತು

ಥರ್ಮನ್ ಗ್ಯಾಸ್ಕಿನ್ಸ್ ತೀರಿಕೊಂಡಿದ್ದು ವಸಂತದಲ್ಲಿ. ಅವನಿಲ್ಲದ ಮನೆ ಅವನ ಹೆಂಡತಿ ಅರ್ಡೆಲ್‌ಗೆ ಬೇಗನೇ ಒಗ್ಗಿತು ಎಂದರೆ ಕೇಳಿದವರು ಹುಬ್ಬೇರಿಸಬಹುದು, ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ. ರಾತ್ರಿ ಗೊರಕೆಯಿರಲಿಲ್ಲ. ಬೆಳಗ್ಗೆ ಬಚ್ಚಲಿಗೆ ಸರದಿ ಕಾಯುವುದಿರಲಿಲ್ಲ. ಪಾತ್ರೆ ತೊಳೆಯುವ ಸಿಂಕಿನಲ್ಲಿ ಮೀನಿನ ಕರುಳು ತೇಲುತ್ತಿರಲಿಲ್ಲ. ಅಳು ಬಂದಾಗ ಅತ್ತಳು, ಮುಗಿದಾಗ ಮುಖ ತೊಳೆದುಕೊಂಡಳು. ಕಷ್ಟವಾದದ್ದು ಒಂದೇ ಹೊತ್ತಿನಲ್ಲಿ. ಸೂರ್ಯ ದ್ವೀಪದ ಹಿನ್ನೀರಿನ ಕಡೆ ಇಳಿದು, ದೀಪ ಹಾಕಿದರೆ ಬೇಗವಾಯಿತು, ಹಾಕದಿದ್ದರೆ ತಡವಾಯಿತು ಎನ್ನಿಸುವ ಆ ಒಂದು ತಾಸು.

ಮದುವೆಯಾದಂದಿನಿಂದ ಆ ತಾಸು ಅವಳದೇ ಆಗಿತ್ತು. ಥರ್ಮನ್ ಕಡಲ ದಂಡೆಯಲ್ಲಿ ಗಾಳ ಹಾಕಲು ಹೋದವನು ದಿನವೂ ತಡವಾಗಿಯೇ ಬರುತ್ತಿದ್ದ. ತಡವೇಕೆಂದು ಕೇಳುವಂತಿರಲಿಲ್ಲ, ಉತ್ತರ ಇಡೀ ದ್ವೀಪಕ್ಕೆ ಗೊತ್ತಿತ್ತು. ಮರಳಿನ ಮೇಲೆ ಟ್ರಕ್ಕು ಓಡಿಸಬೇಕಾದರೆ ನಾಲ್ಕೂ ಚಕ್ರದ ಗಾಳಿಯನ್ನು ಅರ್ಧಕ್ಕೆ ಇಳಿಸಬೇಕು, ಇಲ್ಲದಿದ್ದರೆ ಟ್ರಕ್ಕು ಹೊಟ್ಟೆಯವರೆಗೆ ಹೂತುಕೊಂಡು ಕೂತುಬಿಡುತ್ತದೆ. ಮತ್ತೆ ಡಾಂಬರು ಹತ್ತುವ ಮೊದಲು ತುಂಬಿಸಬೇಕು. ಇಳಿಸುವುದಕ್ಕೆ ಒಂದು ಹೆಬ್ಬೆರಳು ಸಾಕು. ತುಂಬಿಸುವುದಕ್ಕೆ ಯಂತ್ರ ಬೇಕು, ಯಂತ್ರಕ್ಕೆ ಹೊತ್ತು ಬೇಕು. "ಏನ್ ಮಾಡ್ಲಿ ಅರ್ಡೆಲ್, ನಾಲ್ಕು ಟೈರು" ಎನ್ನುತ್ತ, ಬಿಯರಿನ ವಾಸನೆಯನ್ನೂ ಒಂದು ಸಣ್ಣ ಮೀನನ್ನೂ ಹೊತ್ತು ಅವನು ಒಳಗೆ ಬರುತ್ತಿದ್ದ.

ಅಷ್ಟರೊಳಗೆ ಅವಳು ಹಿಂದಿನ ಮೆಟ್ಟಿಲ ಮೇಲೆ ಕೂತು, ಡಾಕ್ಟರು ಬೇಡವೆಂದಿದ್ದ ಸಿಗರೇಟು ಒಂದನ್ನು ಸೇದಿ, ಬಿಸಿನೀರಿನ ಬಕೆಟ್ಟಿನಲ್ಲಿ ಕಾಲು ಇಳಿಬಿಟ್ಟುಕೊಂಡು, ರೇಡಿಯೋದಲ್ಲಿ ಯಾರ್‍ಯಾರದೋ ಸಂಸಾರದ ಜಗಳ ಕೇಳಿ ಮುಗಿಸಿರುತ್ತಿದ್ದಳು. ಟ್ರಕ್ಕಿನ ಸದ್ದು ಕೇಳಿದೊಡನೆ ಸಿಗರೇಟು ಹೂಕುಂಡದ ಮಣ್ಣಿಗೆ, ಬಕೆಟ್ಟು ಬಚ್ಚಲಿಗೆ, ಕಾಲು ಚಪ್ಪಲಿಗೆ.

ಈಗಲೂ ಮೆಟ್ಟಿಲಿತ್ತು, ಬಕೆಟ್ಟಿತ್ತು, ರೇಡಿಯೋದವರು ಜಗಳವಾಡುತ್ತಲೇ ಇದ್ದರು. ಆದರೆ ಕಿವಿ ಮಾತ್ರ ರಸ್ತೆಯ ಕಡೆಗೇ ಇರುತ್ತಿತ್ತು. ಬಚ್ಚಿಡುವುದಕ್ಕೆ ಯಾರೂ ಇಲ್ಲವೆಂದ ಮೇಲೆ ಸಿಗರೇಟು ಬರೀ ಹೊಗೆ. ಬೇಸಿಗೆಯಿಡೀ ಅವಳು ಆ ತಾಸನ್ನು ಏನೇನೋ ಮಾಡಿ ಕಳೆಯಲು ನೋಡಿದಳು. ಕಪಾಟು ತೊಳೆದಳು, ಚರ್ಚಿನ ಹೆಂಗಸರ ಜೊತೆ ರಜಾಯಿ ಹೊಲಿದಳು, ಆರು ಗಂಟೆಗೇ ಮಲಗಿ ಬೆಳಗಿನ ಎರಡಕ್ಕೆ ಎದ್ದು ಗೂಬೆಯ ಹಾಗೆ ಕೂತಳು. ಕೊನೆಗೆ ಸೆಪ್ಟೆಂಬರಿನಲ್ಲಿ, ಥರ್ಮನ್ ಆ ತಾಸನ್ನು ಎಲ್ಲಿ ಕಳೆಯುತ್ತಿದ್ದನೋ ಅಲ್ಲಿಯೇ ತಾನೂ ಕಳೆಯುತ್ತೇನೆಂದು ನಿಶ್ಚಯಿಸಿದಳು.

ಆ ಜಾಗ ಎಂದರೆ ಮರಳದಿಬ್ಬವನ್ನು ದಾಟಿ ಬರುವ ಹಲಗೆದಾರಿ ಮುಗಿಯುವಲ್ಲಿನ ಒಂದು ಇಕ್ಕಟ್ಟಾದ ಜಲ್ಲಿಯ ಅಂಗಳ. ಸಂಜೆ ದಂಡೆಯಿಂದ ವಾಪಸಾಗುವ ಟ್ರಕ್ಕುಗಳೆಲ್ಲ ಅಲ್ಲಿ ನಿಂತು ಗಾಳಿ ತುಂಬಿಸಿಕೊಳ್ಳುತ್ತವೆ. ಅಲ್ಲಿ ಒಂದು ಕಟ್ಟಳೆಯಿತ್ತು. ಚಕ್ರಕ್ಕೆ ಗಾಳಿ ಹೋಗುತ್ತಿರುವವರೆಗೆ ನಿಲ್ಲಬಹುದು. ಕೊನೆಯ ಚಕ್ರ ತುಂಬಿತೋ, ಟ್ರಕ್ಕಿನ ಹಿಂಬಾಗಿಲು ಎತ್ತಿ ಮುಚ್ಚಿ ಮನೆಗೆ ಹೊರಡಬೇಕು, ಹಿಂದಿನವರಿಗೆ ಜಾಗ ಬಿಡಬೇಕು. ಯಾರೂ ಅದನ್ನು ಬರೆದಿಟ್ಟಿರಲಿಲ್ಲ, ಹಾಗಾಗಿ ಯಾರೂ ಮುರಿಯುತ್ತಿರಲಿಲ್ಲ. ಚಕ್ರ ತುಂಬಿದ ಮೇಲೂ ನಿಂತವನನ್ನು ಸಾವಿನ ಮನೆಯಲ್ಲಿ ಎರಡನೇ ಸಲ ಊಟಕ್ಕೆ ಕೂತವನನ್ನು ನೋಡುವ ಹಾಗೆ ನೋಡುತ್ತಿದ್ದರು.

ಅರ್ಡೆಲ್ ಥರ್ಮನ್ನನ ಹಳೇ ಟ್ರಕ್ಕು ಹತ್ತಿ, ಹೆಬ್ಬೆರಳಲ್ಲಿ ಗಾಳಿ ಇಳಿಸಿ, ದಂಡೆಗೆ ಹೋಗಿ ಮಧ್ಯಾಹ್ನವೆಲ್ಲ ಕೂತು, ಸಂಜೆಗೆ ಅಂಗಳಕ್ಕೆ ಬಂದು ನಿಂತಳು. ಅಲ್ಲಿ ಮೂವರಿದ್ದರು. ಥರ್ಮನ್ನನ ತಮ್ಮ ಹ್ಯೂಬರ್ಟ್, ಕೊಳಾಯಿ ರಿಪೇರಿಯವನು. ದೋಣಿ ಓಡಿಸಿ ಓಡಿಸಿ ನಿವೃತ್ತನಾದ ಒರ್ವಿಲ್. ಮೆಥಡಿಸ್ಟ್ ಚರ್ಚಿನ ಪಾದ್ರಿ ಕ್ಲೀಟಸ್.

"ಅರ್ಡೆಲ್, ನೀನೇನ್ ಇಲ್ಲಿ?" ಎಂದ ಹ್ಯೂಬರ್ಟ್.

"ಮೀನ್ ಹಿಡಿಯೋಕ್ ಹೋಗಿದ್ದೆ."

ಅವನು ಟ್ರಕ್ಕಿನ ಹಿಂಭಾಗಕ್ಕೆ ಇಣುಕಿ ನೋಡಿದ. ಒಂದು ಗಾಳದ ಕೋಲು, ಒಂದು ಮಡಚುವ ಕುರ್ಚಿ, ಕಾಫಿಯ ಥರ್ಮಾಸು, ಅರ್ಧ ಹೆಣೆದ ಸ್ವೆಟರು.

"ಎರೆ ಏನ್ ಹಾಕಿದ್ದೆ?"

"ಎರೆ ಬೇರೆ ಹಾಕ್ಬೇಕಾ?"

ಒರ್ವಿಲ್ ಕೆಮ್ಮಿದ. ಅವನು ಒಬ್ಬ ಹಲ್ಲಿನ ಡಾಕ್ಟರ ಹೆಂಡತಿಯ ಕಥೆಯನ್ನು ಒಳ್ಳೆಯ ಘಟ್ಟಕ್ಕೆ ತಂದು ನಿಲ್ಲಿಸಿದ್ದ. ಡಾಕ್ಟರು ಆಗಷ್ಟೇ ಬಾಗಿಲು ತಟ್ಟಿದ್ದ. ಈಗ ಕಥೆಯನ್ನು ನುಂಗಿಕೊಂಡು, ಗಾಳಿ ಈಶಾನ್ಯಕ್ಕೆ ತಿರುಗಿದೆಯಲ್ಲವೇ ಎಂದು ಪಾದ್ರಿಗಳನ್ನು ಕೇಳಿದ. ಹೌದು, ತಿರುಗಿದೆ ಎಂದರು ಪಾದ್ರಿಗಳು. ನಾಳೆಯೂ ಹೀಗೇ ಇರಬಹುದೇ ಎಂದ ಹ್ಯೂಬರ್ಟ್. ಇರಬಹುದು ಎಂದ ಒರ್ವಿಲ್. ಚಂಡಮಾರುತ ಬಂದು ಚರ್ಚಿನ ಸೂರು ಹಾರಿಹೋದ ವರ್ಷವೂ ಆ ಮೂವರು ಗಾಳಿಯ ಬಗ್ಗೆ ಅಷ್ಟು ಹೊತ್ತು ಮಾತಾಡಿರಲಿಲ್ಲ.

ಅವಳ ಬಳಿ ಯಂತ್ರವಿರಲಿಲ್ಲ, ಥರ್ಮನ್ನನದನ್ನು ಬೇಸಿಗೆಯಲ್ಲೇ ಗುಜರಿಗೆ ಹಾಕಿದ್ದಳು. ಹ್ಯೂಬರ್ಟ್ ತನ್ನದನ್ನು ಕೊಟ್ಟ. ಅದು ಮುದಿ ಕೋಳಿ ಕೆಮ್ಮಿದ ಹಾಗೆ ಕೆಮ್ಮುತ್ತ, ಚಕ್ರಕ್ಕೆ ಒಂದೊಂದೇ ಗುಟುಕು ಗಾಳಿ ಕುಡಿಸುತ್ತ, ನಡುವೆ ಎರಡು ಸಲ ಬಿಸಿಯೇರಿ ನಿಂತು, ಕತ್ತಲಾಗುವವರೆಗೂ ನಡೆಯಿತು. ಅರ್ಡೆಲ್ ಬಾನೆಟ್ಟಿಗೆ ಒರಗಿ ಕಾಫಿ ಕುಡಿದಳು. ಯಾರೂ ಅವಳೊಡನೆ ಹೆಚ್ಚು ಮಾತಾಡಲಿಲ್ಲ. ಆದರೂ ಮನೆಗೆ ಬಂದು ದೀಪ ಹಾಕಿದಾಗ ಹೊರಗೆ ಪೂರ್ತಿ ಕತ್ತಲೆಯಾಗಿತ್ತು, ಆ ತಾಸು ಯಾವಾಗ ಕಳೆಯಿತೋ ಅವಳಿಗೆ ಗೊತ್ತೇ ಆಗಿರಲಿಲ್ಲ.

ಮರುದಿನವೂ ಹೋದಳು. ಅದರ ಮರುದಿನವೂ. ನಾಲ್ಕನೆಯ ಸಂಜೆ ಹ್ಯೂಬರ್ಟ್ ಗಂಟಲು ಸರಿಮಾಡಿಕೊಂಡು, "ಅರ್ಡೆಲ್, ನಿಂಗೆ ಸ್ವಂತದ್ದೊಂದು ಯಂತ್ರ ಬೇಕು. ಇನ್ನೊಬ್ರದ್ದು ಎಷ್ಟು ದಿನ ಇಸ್ಕೋತೀಯ. ನಾಳೆ ನೆಲ್ಡಾ ಅಂಗಡಿಗೆ ಬಾ. ನಾವೇ ಆರಿಸ್ಕೊಡ್ತೀವಿ" ಎಂದ.

"ಒಳ್ಳೇದನ್ನೇ ಆರಿಸೋಣ" ಎಂದ ಒರ್ವಿಲ್.

"ಅತ್ಯುತ್ತಮವಾದದ್ದನ್ನ" ಎಂದರು ಪಾದ್ರಿಗಳು.

ಮೂವರು ಗಂಡಸರು ಒಂದು ಮಾತಿಗೆ ಒಪ್ಪಿದ್ದನ್ನು ಅರ್ಡೆಲ್ ಹಿಂದೆಂದೂ ಕಂಡಿರಲಿಲ್ಲ. ಅವಳ ಕಣ್ಣಂಚು ಒದ್ದೆಯಾಯಿತು.

ನೆಲ್ಡಾಳದು ಗಾಳ, ಎರೆ, ಮಂಜುಗಡ್ಡೆ, ತಂಪು ಬಿಯರು ಮಾರುವ ಅಂಗಡಿ. ಅವಳ ಅಪ್ಪನ ಕಾಲದ್ದು. ಹಿಂದಿನ ಗೋಡೆಯ ಹಲಗೆಯ ಮೇಲೆ ಗಾಳಿಯಂತ್ರಗಳು ಸಾಲಾಗಿ ಕೂತಿದ್ದವು. ಅಂಗೈಯಗಲದಿಂದ ಹಿಡಿದು ಹೊಲಿಗೆಯಂತ್ರದಷ್ಟು ದೊಡ್ಡದರವರೆಗೆ ಇದ್ದವು. ಮೂವರೂ ಭಾನುವಾರದ ಬಟ್ಟೆ ಹಾಕಿಕೊಂಡು ಬಂದಿದ್ದರು, ಹುಡುಗಿ ನೋಡಲು ಬಂದವರ ಹಾಗೆ.

"ಇದನ್ನ ಮುಟ್ಲೇಬೇಡ" ಎಂದ ಹ್ಯೂಬರ್ಟ್, ಟಾರ್ಚು ಕೂಡಿಸಿದ್ದ ಪುಟ್ಟ ಹಳದಿ ಯಂತ್ರವೊಂದನ್ನು ಬೆರಳಲ್ಲಿ ದೂಡಿ. "ಗಾಡಿ ಒಳಗೆ ಸಿಗರೇಟ್ ಹಚ್ಚೋ ತೂತಿರುತ್ತಲ್ಲ, ಅದಕ್ಕೆ ಸಿಗ್ಸೋದು. ಕಾರಿಗೇನೋ ಸರಿ. ಟ್ರಕ್ ಟೈರ್ ಅಂದ್ರೆ ಕಣಜ ಇದ್ದ ಹಾಗೆ, ಅಷ್ಟು ಗಾಳಿ ತುಂಬ್ಸೋದ್ರಲ್ಲಿ ಇದು ಬಿಸಿಯಾಗಿ ಮುಷ್ಕರ ಹೂಡುತ್ತೆ."

"ಅಥವಾ ಫ್ಯೂಸ್ ಹಾರುತ್ತೆ" ಎಂದ ಒರ್ವಿಲ್.

"ಇದನ್ನ ನೋಡಿ" ಎಂದು ಪಾದ್ರಿಗಳು ಹಲಗೆಯ ತುದಿಯಲ್ಲಿದ್ದ ದೊಡ್ಡದನ್ನು ಎರಡೂ ಕೈಯಲ್ಲಿ ಎತ್ತಿ ಗಲ್ಲಾ ಮೇಜಿನ ಮೇಲಿಟ್ಟರು. "ಎರಡು ಸಿಲಿಂಡರು. ನೇರವಾಗಿ ಬ್ಯಾಟರಿಗೇ ಕಚ್ಚಿಸೋದು. ಎಷ್ಟ್ ಹೊತ್ತು ಓಡಿದ್ರೂ ಕಾಯೋದಿಲ್ಲ. ಸದ್ದೂ ಕಡಿಮೆ. ನೀವು ಒಂಟಿ ಹೆಂಗಸು, ಕತ್ತಲಲ್ಲಿ ಅಲ್ಲಿ ನಿಂತ್ಕೊಳ್ಳೋದು ಏನ್ ಚೆಂದ."

ನೆಲ್ಡಾ ಚೂಯಿಂಗ್ ಗಮ್ ಅಗಿಯುವುದನ್ನು ನಿಲ್ಲಿಸಿ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದಳು. "ಇದನ್ನಾ? ನೀವಾ ಹೇಳ್ತಿರೋದು?"

"ಕಟ್ಟಿಕೊಡಮ್ಮ ನೆಲ್ಡಾ" ಎಂದ ಹ್ಯೂಬರ್ಟ್ ಅವಸರದಲ್ಲಿ.

ಆ ಸಂಜೆ ಅರ್ಡೆಲ್ ಹೊಸ ಯಂತ್ರವನ್ನು ಬ್ಯಾಟರಿಗೆ ಕಚ್ಚಿಸಿ, ಗುಂಡಿ ಒತ್ತಿ, ಥರ್ಮಾಸಿನ ಮುಚ್ಚಳ ತಿರುಗಿಸಿ ಕಾಫಿ ಬಗ್ಗಿಸಿಕೊಂಡಳು. ಊದಿ ಊದಿ ಮೊದಲ ಗುಟುಕು ಕುಡಿಯುವ ಹೊತ್ತಿಗೆ ಒಂದು ಚಕ್ರ ತುಂಬಿತ್ತು. ಲೋಟ ಖಾಲಿಯಾಗುವ ಮೊದಲೇ ನಾಲ್ಕೂ ತುಂಬಿದವು. ಸೂರ್ಯನೇ ಇನ್ನೂ ಮುಳುಗಿರಲಿಲ್ಲ.

"ತುಂಬ್ತಲ್ಲ" ಎಂದ ಒರ್ವಿಲ್.

"ಎಂಥಾ ಯಂತ್ರ" ಎಂದ ಹ್ಯೂಬರ್ಟ್, ಅವಳ ಟ್ರಕ್ಕಿನ ಹಿಂಬಾಗಿಲನ್ನು ತಾನೇ ಎತ್ತಿ ಮುಚ್ಚುತ್ತ.

"ಗುಡ್ ನೈಟ್, ಮಿಸ್ ಅರ್ಡೆಲ್" ಎಂದು ಪಾದ್ರಿಗಳು, ಮದುವೆಯಾದವರನ್ನೂ ಮಿಸ್ ಎನ್ನುವ ದ್ವೀಪದ ಮರ್ಯಾದೆಯಂತೆ, ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಬಾಗಿಲಲ್ಲಿ ನಿಂತು ಹೇಳುವ ಹಾಗೆಯೇ ಹೇಳಿ ಕೈ ಕುಲುಕಿದರು.

ಹೊರಟವಳು ಕನ್ನಡಿಯಲ್ಲಿ ನೋಡಿದಳು. ಒರ್ವಿಲ್ ಎರಡೂ ಕೈ ಎತ್ತಿ ಯಾವುದೋ ಬಾಗಿಲು ತಟ್ಟುವುದನ್ನು ಅಭಿನಯಿಸುತ್ತಿದ್ದ. ಪಾದ್ರಿಗಳು ಹೊಟ್ಟೆ ಹಿಡಿದುಕೊಂಡು ಬಗ್ಗಿದ್ದರು. ಹ್ಯೂಬರ್ಟನ ಯಂತ್ರ ಅವನ ಮೊದಲನೇ ಚಕ್ರದ ಪಕ್ಕದಲ್ಲಿ ಕೆಮ್ಮುತ್ತಿತ್ತು.

ಮನೆಗೆ ಬಂದರೆ ಆ ತಾಸು ಇದ್ದ ಹಾಗೇ ಇತ್ತು. ಬಾಗಿಲಲ್ಲಿ ಕೂತ ಬೆಕ್ಕಿನ ಹಾಗೆ ಅವಳಿಗೇ ಕಾದಿತ್ತು.

ಮಾರನೆಯ ಬೆಳಗ್ಗೆ ಅವಳು ಯಂತ್ರವನ್ನು ನೆಲ್ಡಾಳ ಗಲ್ಲಾ ಮೇಜಿನ ಮೇಲಿಟ್ಟಳು.

"ಕೆಟ್ಟೋಯ್ತಾ ಮಿಸ್ ಅರ್ಡೆಲ್? ಕೆಡೋ ಮಾಲಲ್ವಲ್ಲ ಅದು."

"ಕೆಟ್ಟಿಲ್ಲ. ತೀರಾ ಚೆನ್ನಾಗಿದೆ. ಏನ್ ಮಾಡ್ಬೇಕೋ ತೋಚ್ತಿಲ್ಲ."

ನೆಲ್ಡಾ ನಗುವನ್ನು ತಡೆಯಲು ನೋಡಿ ಸೋತಳು. "ನಿಮಗೆ ನಿಜವಾಗ್ಲೂ ಗೊತ್ತಿಲ್ವಾ? ಈ ದೊಡ್ಡ ಯಂತ್ರನ ಕೊಳ್ಳೋದು ಯಾರು ಹೇಳಿ. ಹೊಸದಾಗಿ ಮದ್ವೆ ಆಗಿರೋ ಹುಡ್ಗೀರು. ಕ್ರಿಸ್‌ಮಸ್ಸಿಗೆ ಗಂಡಂಗೆ ಉಡುಗೊರೆ, ಬೇಗ ಮನೆಗೆ ಬರ್ಲಿ ಅಂತ. ಹೊಸ ವರ್ಷ ಕಳೀತಿದ್ದ ಹಾಗೆ ಗಂಡಂದಿರು ಹಿಂದಿನ ಬಾಗಿಲಿಂದ ಬರ್ತಾರೆ. ಪೆಟ್ಟಿಗೆ ಮಾತ್ರ ಇದೇ ಇರ್ಬೇಕು ನೆಲ್ಡಾ, ಒಳಗಡೆ ಎಲ್ಲಕ್ಕಿಂತ ನಿಧಾನದ್ದು ಹಾಕು ಅಂತಾರೆ. ಇಪ್ಪತ್ತು ವರ್ಷದಿಂದ ಇದೊಂದೇ ಯಂತ್ರ ಮಾರ್ತಾ ಇದೀನೇನೋ ಅನ್ಸುತ್ತೆ."

"ಯಾಕೆ?"

"ಟೈರ್ ತುಂಬಿದ್ರೆ ಮನೆಗ್ ಹೋಗ್ಬೇಕಲ್ಲ."

ಅರ್ಡೆಲ್ ಎರೆಯ ಡಬ್ಬಿಯೊಂದನ್ನು ಎತ್ತಿ ಮತ್ತೆ ಅಲ್ಲೇ ಇಟ್ಟಳು. "ಥರ್ಮನ್ ಕೂಡ?"

"ಅವರ ಯಂತ್ರದ ರಿಂಗು ಸವೆದು ಆಮೆ ಥರ ಓಡ್ತಿತ್ತು. ಸರಿ ಮಾಡ್ಕೊಡ್ಲಾ ಅಂತ ನಮ್ಮಪ್ಪ ಕೇಳಿದ್ರೆ, ಮುಟ್ಟಿದ್ರೆ ಕೈ ಮುರೀತೀನಿ ಅಂದಿದ್ರಂತೆ."

"ಕಳ್ಳ ನನ್ಮಗ" ಎಂದಳು ಅರ್ಡೆಲ್, ಗಂಡನ ಬಗ್ಗೆ ಅವನು ಸತ್ತ ಮೇಲೆ ಮೊದಲ ಬಾರಿಗೆ ಅಷ್ಟು ಪ್ರೀತಿಯಿಂದ. ಆಮೇಲೆ ಅವಳಿಗೆ ಉಳಿದ ಮೂವರ ನೆನಪಾಯಿತು, ಪ್ರೀತಿ ಆರಿತು. "ಜೀವಮಾನದಲ್ಲಿ ಒಂದ್ ಸಲ ನಿಜ ಹೇಳಿದ್ದಾರೆ ಆ ಮೂರೂ ಜನ, ಅದೂ ನನ್ನ ಓಡ್ಸೋಕೆ."

"ಬದಲಾಯಿಸ್ಕೊಡ್ಲಾ? ನಿಧಾನದ್ದು ಬೇಕಾದಷ್ಟಿವೆ."

"ತಡಿ" ಎಂದಳು ಅರ್ಡೆಲ್. "ಇದರ ಪೈಪು ಎಷ್ಟು ಉದ್ದ ಇದೆ?"

"ಉದ್ದ ಇದೆ. ಪಕ್ಕದಲ್ಲಿ ನಿಂತಿರೋ ಟ್ರಕ್ಕಿಗೂ ಮುಟ್ಟುತ್ತೆ."

"ಇರ್ಲಿ ಬಿಡು" ಎಂದು ಅರ್ಡೆಲ್ ಯಂತ್ರವನ್ನು ಮತ್ತೆ ಬಗಲಿಗೆ ಎತ್ತಿಕೊಂಡಳು.

ಆ ಸಂಜೆ ತನ್ನ ನಾಲ್ಕು ಚಕ್ರ ಮುಗಿಸಿದವಳು ಪೈಪನ್ನು ಸುತ್ತಿಡಲಿಲ್ಲ. ಗಾಳಿ ಯಾರ ಚಕ್ರಕ್ಕೆ ಹೋಗಬೇಕೆಂದು ಕಟ್ಟಳೆ ಹೇಳಿರಲಿಲ್ಲ. ಎಳೆದುಕೊಂಡು ಹ್ಯೂಬರ್ಟನ ಟ್ರಕ್ಕಿನ ಬಳಿಗೆ ಹೋಗಿ ಹಿಂದಿನ ಚಕ್ರದ ಪಕ್ಕ ಕೂತಳು.

"ಅರ್ಡೆಲ್, ಏನ್ ಮಾಡ್ತಿದೀಯ?"

"ಸಹಾಯ. ಪಾಪ, ನಿನ್ ಯಂತ್ರ ನೋಡಿದ್ರೆ ಅಳು ಬರುತ್ತೆ. ಅಲ್ಲಿ ಗ್ಲೆನ್ನಾ ಬೇರೆ ಊಟಕ್ಕೆ ಕಾಯ್ತಿರ್ತಾಳೆ."

"ಬೇಡ ಬೇಡ, ನಂಗೇನ್ ಅವಸರ ಇಲ್ಲ."

"ನಿಂಗಿಲ್ಲ. ಅವಳಿಗಿರುತ್ತೆ."

ಅವನು ಇನ್ನೊಂದು ನೆಪ ಹುಡುಕುವಷ್ಟರಲ್ಲಿ ಮೂರು ಚಕ್ರ ಗಟ್ಟಿಯಾಗಿದ್ದವು. ನಾಲ್ಕನೆಯದೂ ಮುಗಿದಾಗ ಒರ್ವಿಲ್, ಇಷ್ಟು ವರ್ಷಗಳ ಅಭ್ಯಾಸಬಲದಿಂದ, "ತುಂಬ್ತಲ್ಲ ಹ್ಯೂಬರ್ಟ್" ಎಂದುಬಿಟ್ಟ. ಹ್ಯೂಬರ್ಟ್ ಅವನನ್ನು ಸುಡುವಂತೆ ನೋಡಿದ. ಆದರೆ ಕಟ್ಟಳೆ ಕಟ್ಟಳೆಯೇ. ಹಿಂಬಾಗಿಲು ಎತ್ತಿ, ಅರ್ಧ ಕುಡಿದ ಬಿಯರು ಕೈಯಲ್ಲಿ ಹಿಡಿದು, ಬೆಳಕಿರುವಾಗಲೇ ಮನೆಗೆ ಹೋದ. ಅವನ ಮುಖ ಶಾಲೆಯಿಂದ ಅರ್ಧ ದಿನಕ್ಕೆ ಹೊರಗೆ ಹಾಕಿದವನ ಮುಖದಂತಿತ್ತು.

ಆಮೇಲೆ ಒರ್ವಿಲ್. ಆಮೇಲೆ ಪಾದ್ರಿಗಳು. ಪಾದ್ರಿಗಳು ಚಕ್ರದ ವಾಲ್ವನ್ನು ಅಂಗೈಯಿಂದ ಮುಚ್ಚಿಕೊಂಡು ಕೂತು, "ಮಿಸ್ ಅರ್ಡೆಲ್, ನಮ್ಮ ಕೆಲಸ ನಾವೇ ಮಾಡ್ಕೊಳ್ಳೋದ್ರಲ್ಲಿ ಒಂದು ಆತ್ಮಾನಂದ ಇರುತ್ತೆ" ಎಂದರು.

"ಹಾಗಂತೀರಾ. ಮೊನ್ನೆ ಭಾನುವಾರ ಬೇರೆಯವರ ಹೊರೆ ಇಳಿಸೋದ್ರ ಬಗ್ಗೆ ಗಂಟೆಗಟ್ಟಲೆ ಹೇಳಿದ್ರಲ್ಲ. ಕೈ ತೆಗೀರಿ ಪಾದ್ರಿಗಳೇ."

ತೆಗೆದರು.

ಮುಂದಿನ ಸಂಜೆಗಳಲ್ಲಿ ಅವರು ಮಾಡದ ಉಪಾಯವಿಲ್ಲ. ತಡವಾಗಿ ಬಂದರು, ಅವಳು ಕಾದಳು. ದೂರ ನಿಲ್ಲಿಸಿದರು, ಅವಳು ಟ್ರಕ್ಕನ್ನೇ ಹತ್ತಿರಕ್ಕೆ ತಂದಳು. ಹ್ಯೂಬರ್ಟ್ ವಾಲ್ವಿನ ಮುಚ್ಚಳಗಳನ್ನು ಇಕ್ಕಳದಿಂದ ಬಿಗಿದುಕೊಂಡು ಬಂದ, ಅವಳ ಕೈಚೀಲದಲ್ಲೂ ಇಕ್ಕಳವಿತ್ತು. ವಾರ ಕಳೆಯುವಷ್ಟರಲ್ಲಿ ಅಂಗಳ ಆರು ಗಂಟೆಗೆಲ್ಲ ಖಾಲಿ. ಅರ್ಡೆಲ್ ಗೆದ್ದಿದ್ದಳು. ಗೆದ್ದು, ಗಟ್ಟಿ ಚಕ್ರದ ಟ್ರಕ್ಕಿಗೆ ಒರಗಿ, ಬರೀ ಜಲ್ಲಿಯ ಮೇಲೆ ಒಬ್ಬಳೇ ನಿಂತಿದ್ದಳು. ಮಾತಾಡಲು ಒಂದು ನರಪಿಳ್ಳೆಯಿಲ್ಲ. ಮನೆಯ ಮೆಟ್ಟಿಲಾದರೆ ಕೂರುವುದಕ್ಕಾದರೂ ಆಗುತ್ತಿತ್ತು. ತಾನು ಮಾಡಿದ್ದೇನು ಎಂದು ಅವಳಿಗೆ ಆಗ ಹೊಳೆಯಿತು. ಯಂತ್ರಕ್ಕೆ ಒಂದು ಒದೆ ಕೊಟ್ಟು, ಕಾಲು ನೋಯಿಸಿಕೊಂಡು ಮನೆಗೆ ಹೋದಳು.

ಬೆಳಗ್ಗೆ ಎದ್ದು ಕಾಫಿಗೆ ನೀರಿಡುವಷ್ಟರಲ್ಲಿ ಹ್ಯೂಬರ್ಟನ ಹೆಂಡತಿ ಗ್ಲೆನ್ನಾ ಬಾಗಿಲಲ್ಲಿದ್ದಳು. ಕೈಯಲ್ಲಿ ಕಪ್ಪೆಚಿಪ್ಪಿನ ಸಾರಿನ ಪಾತ್ರೆ. ಓರಗಿತ್ತಿಯರಿಬ್ಬರ ನಡುವೆ ಸಾರು ಬರುವುದು ಸತ್ತಾಗ, ಇಲ್ಲವೇ ಏನಾದರೂ ಬೇಕಾದಾಗ.

"ಅರ್ಡೆಲ್, ನಿನ್ ಕಾಲಿಗ್ ಬೀಳ್ತೀನಿ, ನನ್ ಗಂಡನ ಟೈರಿಗೆ ಗಾಳಿ ತುಂಬ್ಬೇಡ."

"ಯಾಕೆ, ಬೇಗ ಮನೆಗ್ ಬರ್ತಿದಾನಲ್ಲ."

"ಅದೇ ಹೇಳ್ತಿರೋದು." ಗ್ಲೆನ್ನಾ ಕುರ್ಚಿ ಎಳೆದುಕೊಂಡು ಕುಸಿದಳು. "ಬಂದು ಅಡುಗೆಮನೇಲಿ ಹಿಂದೆ ಹಿಂದೆ ಓಡಾಡ್ತಾನೆ. ಮೊನ್ನೆ ಸಾಂಬಾರ ಪದಾರ್ಥದ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿಟ್ಟ. ಉಪ್ಪು ಹುಡುಕೋಕೆ ಅರ್ಧ ಗಂಟೆ ಬೇಕಾಯ್ತು. ನಿನ್ನೆ ಪಕ್ಕ ಬಂದು ಕೂತು, ನಿನ್ನ ದಿನ ಹೇಗಿತ್ತು ಗ್ಲೆನ್ನಾ ಅಂದ. ನಂಗೆ ಎದೆ ಧಸಕ್ ಅಂತು. ಡಾಕ್ಟರ್ ಏನಾದ್ರೂ ಹೇಳಿದ್ರಾ ಅಂತ ಕೇಳ್ದೆ."

ಅರ್ಡೆಲ್ ನಕ್ಕಳು.

"ನಗ್ಬೇಡ. ಪಾದ್ರಿ ಹೆಂಡ್ತಿ ಕಥೆ ಇನ್ನೂ ಘೋರ. ಭಾನುವಾರ ಚರ್ಚಲ್ಲಿ ಮಾಡೋ ಪ್ರಸಂಗಾನ ಶುಕ್ರವಾರದಿಂದಲೇ ಅವಳಿಗೆ ಓದಿ ಹೇಳ್ತಿದಾರಂತೆ. ಪಾಪ, ಸಂಜೆ ಮೂರು ಸಲ ನಾಯಿ ತಿರುಗಾಡ್ಸೋಕ್ ಹೋಗ್ತಾಳೆ. ನಾಯಿಗೇ ಸಾಕಾಗಿದೆ."

"ಹಾಗಾದ್ರೆ ನಿಂಗೆ ಗೊತ್ತಿತ್ತಾ? ಟೈರಿನ ವಿಷಯ?"

"ಗೊತ್ತಿರದೇ ಇರೋಕೆ ನಾನೇನ್ ಗೂಟಾನಾ? ಮದ್ವೆಯಾದ ಹೊಸದ್ರಲ್ಲಿ ಒಳ್ಳೇ ಯಂತ್ರ ಕೊಂಡ್ಕೊಟ್ಟಿದ್ದೆ, ಆಗ ಬುದ್ಧಿ ಇರ್ಲಿಲ್ಲ. ಒಂದೇ ವಾರ ಬೇಗ ಬಂದ. ಆಮೇಲೆ ಪೆಟ್ಟಿಗೆ ಹಗುರ ಆಗಿದ್ದು ನೋಡಿ ದೇವ್ರಿಗೆ ಕೈ ಮುಗ್ದೆ. ಆ ಒಂದು ಗಂಟೆ ಇಲ್ದಿದ್ರೆ ಈ ದ್ವೀಪದಲ್ಲಿ ಒಂದು ಮದ್ವೆನೂ ಉಳೀತಿರ್ಲಿಲ್ಲ. ನಿಂಗ್ ಗೊತ್ತಿರ್ಲಿಲ್ವಾ?"

ಅರ್ಡೆಲ್ ಕಾಫಿ ಬಗ್ಗಿಸುವಾಗ ಯೋಚಿಸಿದಳು. ಥರ್ಮನ್ ಒಂದು ದಿನ ಆರಕ್ಕೇ ಬಂದುಬಿಟ್ಟಿದ್ದರೆ ತಾನು ಬಾಗಿಲಲ್ಲಿ ಹೂ ಹಿಡಿದು ನಿಲ್ಲುತ್ತಿದ್ದೆನೇ? ಇಲ್ಲ, ಬಕೆಟ್ಟು ಮುಗುಚಿಕೊಂಡು ಬೈಯುತ್ತಿದ್ದೆ. ಗೊತ್ತಿತ್ತು. ಗೊತ್ತಿರುವುದನ್ನು ಕೇಳಿ ಹಾಳುಮಾಡಬಾರದೆಂದು ಸುಮ್ಮನಿದ್ದದ್ದು.

"ನಿಂಗೇನ್ ಬೇಕು ಹೇಳು" ಎಂದಳು ಗ್ಲೆನ್ನಾ. "ಟ್ರಕ್ ತೊಳ್ಕೊಡ್ಬೇಕಾ, ಸೂರು ಸರಿ ಮಾಡ್ಬೇಕಾ? ಆ ಮೂವರ ಹತ್ರ ಏನ್ ಬೇಕಾದ್ರೂ ಮಾಡಿಸ್ತೀನಿ."

"ಏನೂ ಬೇಡ. ಅಲ್ಲಿ ನಿಲ್ಲೋಕೆ ಜಾಗ ಬೇಕು. ಕತ್ತಲಾಗೋವರ್ಗೂ." ಅರ್ಡೆಲ್ ಕಿಟಕಿಯ ಕಡೆ ನೋಡಿದಳು. "ಆ ಹೊತ್ನಲ್ಲಿ ಮನೇಲಿ ಇರೋಕ್ ಆಗಲ್ಲ ಗ್ಲೆನ್ನಾ. ಉಳಿದ ಹೊತ್ತು ಏನೂ ತೊಂದ್ರೆ ಇಲ್ಲ."

ಗ್ಲೆನ್ನಾ ಅವಳ ಮುಖವನ್ನು ನೋಡಿದಳು, ಆಮೇಲೆ ಸಾರಿನ ಪಾತ್ರೆಯನ್ನು ಅವಳ ಕಡೆ ಸರಿಸಿದಳು. "ಬಿಸಿ ಇರುವಾಗ್ಲೇ ಕುಡಿ. ನಾನು ಹ್ಯೂಬರ್ಟ್ ಹತ್ರ ಮಾತಾಡ್ತೀನಿ."

ಏನು ಮಾತಾಡಿದಳೋ, ಮಧ್ಯಾಹ್ನಕ್ಕೆ ಮೂವರೂ ನೆಲ್ಡಾಳ ಅಂಗಡಿಯಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಈ ಸಲ ಭಾನುವಾರದ ಬಟ್ಟೆಯಿರಲಿಲ್ಲ, ಕೆಲಸದ ಬಟ್ಟೆ.

"ಅರ್ಡೆಲ್‌ಗೆ ಒಂದು ಯಂತ್ರ ಬೇಕು" ಎಂದ ಹ್ಯೂಬರ್ಟ್. "ಸರಿಯಾದ್ದು."

ಗಂಡಸರು ಹೆಂಡತಿಗೆ ಉಂಗುರ ಆರಿಸುವಾಗಲೂ ಅಷ್ಟು ಶ್ರದ್ಧೆಯಿರುವುದಿಲ್ಲ. ಹ್ಯೂಬರ್ಟ್ ಟಾರ್ಚಿನ ಹಳದಿ ಯಂತ್ರವನ್ನು ಎತ್ತಿ ಅವಳ ಕೈಗೆ ಕೊಟ್ಟ. ಒರ್ವಿಲ್ ತಲೆ ಅಲ್ಲಾಡಿಸಿದ.

"ಅದು ನಿಧಾನ, ಒಪ್ಕೋತೀನಿ. ಆದ್ರೆ ಎರಡು ತಿಂಗ್ಳಲ್ಲಿ ಸತ್ತೇ ಹೋಗುತ್ತೆ. ನಮಗೆ ಸಾಯೋದಲ್ಲ ಬೇಕಾಗಿರೋದು, ಏದುಸಿರು ಬಿಡ್ತಾ ಬಹಳ ವರ್ಷ ಬದುಕೋದು. ನನ್ನ ಅತ್ತೆ ಥರ."

"ಹಾಗಾದ್ರೆ ಈ ನೀಲಿದು?"

"ಸದ್ದು ಜಾಸ್ತಿ" ಎಂದರು ಪಾದ್ರಿಗಳು. "ಅದ್ರ ಪಕ್ಕ ನಿಂತು ನಾನೊಂದ್ಸಲ ಒರ್ವಿಲ್ ಕಥೆ ಕೊನೇ ಸಾಲನ್ನೇ ಕಳ್ಕೊಂಡೆ. ವಾಪಸ್ ಕೇಳೋಕೆ ಸಂಕೋಚ."

"ಮಧ್ಯೆ ಮಧ್ಯೆ ನಿಲ್ಲೋದು ಯಾವುದಿದೆ?" ಎಂದು ಅರ್ಡೆಲ್ ಕೇಳಿದಳು.

ಮೂವರೂ ಅವಳ ಕಡೆ ತಿರುಗಿದರು. ಹ್ಯೂಬರ್ಟನ ಕಣ್ಣಲ್ಲಿ ಮೊದಲ ಸಲ ಏನೋ ಗೌರವದಂಥದ್ದು ಕಾಣಿಸಿತು. "ಅದೇ ನೋಡು ಕೇಳ್ಬೇಕಾದ ಪ್ರಶ್ನೆ" ಎಂದ. "ಬಿಸಿಯಾದ್ರೆ ತಾನೇ ಆಫ್ ಆಗಿ, ತಣ್ಣಗಾದ್ಮೇಲೆ ಮತ್ತೆ ಓಡೋದು. ಅಂಥಾದ್ದು ಒಂದಿದೆ. ನೆಲ್ಡಾ, ಆ ಬೂದಿ ಬಣ್ಣದ್ದು ತೆಗಿ. ನಿಂತಾಗ ಒಂದು ಬಿಯರ್ ಮುಗಿಯುತ್ತೆ, ಜೊತೆಗೆ ಒಬ್ಬ ನೆಂಟನ್ನ ಪೂರ್ತಿ ಬೈಬಹುದು."

ನೆಲ್ಡಾ ಬೂದಿ ಬಣ್ಣದ ಯಂತ್ರದ ಮೇಲಿನ ಧೂಳು ಒರೆಸಿದಳು. ಅರ್ಡೆಲ್ ಅದನ್ನು ಗಲ್ಲಾ ಮೇಜಿನ ಪಕ್ಕದ ಬ್ಯಾಟರಿಗೆ ಹಚ್ಚಿ, ಒಂದು ಹಳೇ ಚಕ್ರಕ್ಕೆ ಸಿಗಿಸಿ ಓಡಿಸಿ ನೋಡಿದಳು. ಮೀಟರಿನ ಮುಳ್ಳು ಅಲುಗಿತೋ ಇಲ್ಲವೋ ಎನ್ನುವಂತೆ ಅಲುಗಿತು. ಸದ್ದೂ ಹದವಾಗಿತ್ತು, ಪಕ್ಕದ ಕೋಣೆಯಲ್ಲಿ ಯಾರೋ ಮಗುವನ್ನು ತಟ್ಟಿ ಮಲಗಿಸುತ್ತಿರುವ ಹಾಗೆ. ಸ್ವಲ್ಪ ಹೊತ್ತಿಗೆ ಕಟಕ್ಕೆಂದು ತಾನೇ ನಿಂತಿತು.

"ಎಷ್ಟು ಚೆನ್ನಾಗಿ ನಿಲ್ತು ನೋಡಿ" ಎಂದರು ಪಾದ್ರಿಗಳು.

"ಇದೇ ಆಗ್ಲಿ" ಎಂದಳು ಅರ್ಡೆಲ್.

"ಆ ದೊಡ್ಡದು?" ಎಂದ ಹ್ಯೂಬರ್ಟ್. "ಅದನ್ನ ವಾಪಸ್ ಕೊಟ್ಬಿಡ್ತೀಯಲ್ವಾ?"

"ಅದು ನನ್ನ ಟ್ರಕ್ಕಿನ ಸೀಟಿನ ಕೆಳಗೇ ಇರುತ್ತೆ. ನೀವ್ಯಾರಾದ್ರೂ ಮತ್ತೆ ಹವಾಮಾನದ ಬಗ್ಗೆ ಮಾತಾಡಿದ್ರೆ ಹೊರಗೆ ತೆಗೀತೀನಿ."

ಅಕ್ಟೋಬರಿನ ಮೊದಲ ಸಂಜೆಗಳು ಹೊತ್ತಿಗೆ ಮುಂಚೆ ತಣ್ಣಗಾಗುತ್ತವೆ. ಅಂದು ನಾಲ್ಕು ಟ್ರಕ್ಕುಗಳು ಅಂಗಳದಲ್ಲಿ ಮೂಗಿಗೆ ಮೂಗು ತಾಗಿಸಿ ನಿಂತಿದ್ದವು. ನಾಲ್ಕು ಯಂತ್ರಗಳು ತಮ್ಮ ತಮ್ಮ ಶ್ರುತಿಯಲ್ಲಿ ಗೊಣಗುತ್ತಿದ್ದವು. ಒರ್ವಿಲ್ ಮೊದಮೊದಲು ಅರ್ಡೆಲ್ ಕಡೆ ಕಳ್ಳನೋಟ ಬೀರುತ್ತ, ಕಥೆಯ ಒಂದೊಂದು ಪದವನ್ನು ತೊಳೆದು ತೊಳೆದು ಹೇಳುತ್ತಿದ್ದ. ಅವಳೇ ಒಂದು ಕಡೆ ತಡೆದು, "ಮಲಗೋ ಕೋಣೆ ಅನ್ನೋಕೆ ಇಷ್ಟು ಕಷ್ಟಪಡ್ತೀಯಲ್ಲ, ನಿಂಗೆ ಐದು ಮಕ್ಳು ಹೇಗಾದ್ವೋ" ಎಂದ ಮೇಲೆ ಅವನ ನಾಲಿಗೆ ಸಡಿಲವಾಯಿತು. ಬೂದಿ ಬಣ್ಣದ ಯಂತ್ರ ಎರಡು ಸಲ ಕಾದು ನಿಂತಿತು. ಮೊದಲನೇ ಸಲ ಹ್ಯೂಬರ್ಟ್ ಅವಳಿಗೆ ಒಂದು ಬಿಯರು ಕೊಟ್ಟ. ಎರಡನೇ ಸಲ ಪಾದ್ರಿಗಳು ತಮ್ಮ ಬಿಷಪ್ಪನನ್ನು ಪೂರ್ತಿಯಾಗಿ ಬೈದು ಮುಗಿಸಿದರು, ಬೈದದ್ದು ಚೆನ್ನಾಗಿಯೂ ಇತ್ತು.

ಆದರೆ ಎಷ್ಟು ನಿಧಾನದ ಯಂತ್ರವಾದರೂ ಚಕ್ರಗಳು ನಾಲ್ಕೇ. ಕೊನೆಯ ಚಕ್ರ ಗಟ್ಟಿಯಾಗಿ, ಮುಳ್ಳು ಬರಬೇಕಾದಲ್ಲಿಗೆ ಬಂದು ನಿಂತಾಗ ಪಡುವಣದಲ್ಲಿ ಇನ್ನೂ ಒಂದು ಕೆಂಪು ಗೆರೆಯಿತ್ತು. ಒರ್ವಿಲ್ ಹೊಸ ಕಥೆಯೊಂದನ್ನು ಆಗಷ್ಟೇ ಎತ್ತಿಕೊಂಡಿದ್ದ, ದೋಣಿಯಲ್ಲಿ ಮೇಕೆ ಹತ್ತಿಸಿಕೊಂಡು ಬಂದ ವಕೀಲನೊಬ್ಬನದು. ಅವನ ಬಾಯಿ "ತುಂಬ್ತಲ್ಲ" ಎನ್ನಲು ತೆರೆದು, ಹಾಗೆಯೇ ನಿಂತಿತು. ಅರ್ಡೆಲ್ ಕೆಂಪು ಗೆರೆಯನ್ನು ಒಮ್ಮೆ ನೋಡಿದಳು. ಆಮೇಲೆ ಬಗ್ಗಿ ಪೈಪು ಬಿಚ್ಚಿ ಸುತ್ತತೊಡಗಿದಳು. ಕಟ್ಟಳೆ ಅವಳಿಗೂ ಒಂದೇ.

ಹ್ಯೂಬರ್ಟ್ ಬಿಯರನ್ನು ಬಾನೆಟ್ಟಿನ ಮೇಲಿಟ್ಟು ಬಂದು ಅವಳ ಚಕ್ರದ ಪಕ್ಕ ಮಂಡಿಯೂರಿದ. ಮೊಣಕಾಲು ನೋವಿಗೆ ಒಂದು ಬೈಗುಳ ಬೈದ. ವಾಲ್ವಿಗೆ ಹೆಬ್ಬೆರಳ ಉಗುರು ಒತ್ತಿ ಹಿಡಿದ. ಸುಯ್ಯೆಂದು ಗಾಳಿ ಹೊರಟಿತು. ಅವನು ಒತ್ತಿಕೊಂಡೇ ಇದ್ದ. ಪಾದ್ರಿಗಳು ಆಕಾಶ ನೋಡುತ್ತಿದ್ದರು.

"ಯಾಕೋ ಇದ್ರಲ್ಲಿ ಗಾಳಿ ಕಡಿಮೆ ಇದ್ದ ಹಾಗಿದೆ ಅರ್ಡೆಲ್" ಎಂದ ಹ್ಯೂಬರ್ಟ್, ಎದ್ದು ಕೈ ಒರೆಸಿಕೊಳ್ಳುತ್ತ. "ಸರಿಯಾಗಿ ತುಂಬಿಸ್ಕೊಂಡು ಹೋಗು."

ಅವಳು ಪೈಪನ್ನು ಮತ್ತೆ ಸಿಗಿಸಿ ಗುಂಡಿ ಒತ್ತಿದಳು. ಒರ್ವಿಲ್ ಮೇಕೆಯನ್ನು ದೋಣಿಗೆ ಹತ್ತಿಸಿದ.